ಕದ್ದವರು ಸರಿಮಾಡಿದ ಟ್ರಿಗರ್

ಗುರುವಾರ ಬೆಳಿಗ್ಗೆ ಎಂಟೂವರೆಗೆ ರೈಫಲ್ ಕ್ಲಬ್ಬಿನ ಕೋಚ್ ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಬಂದೂಕಿನ ಕೋಣೆಯಿಂದ ಗುಬ್ಬಿಯ ರೈಫಲ್ ಮಾಯವಾಗಿತ್ತು. ಗುಬ್ಬಿ ಎಂದರೆ ಕ್ಲಬ್ಬಿನಲ್ಲಿ ಸದಾ ಮೊದಲು ಬರುವ ಹುಡುಗಿ. ಭಾನುವಾರ ರಾಷ್ಟ್ರೀಯ ತಂಡದ ಆಯ್ಕೆ. ಖಾಲಿ ಇದ್ದದ್ದು ಒಂದೇ ಜಾಗ.

"ಬೀಗ ಒಡೆದಿದಾರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ ಮೇಡಂ."

"ಕೀ ಎಲ್ಲಿರುತ್ತೆ?"

"ಕನ್ನಡಿ ಹಿಂದೆ."

"ಯಾರ್ಯಾರಿಗೆ ಗೊತ್ತು?"

ಕೋಚ್ ತಲೆ ಕೆರೆದುಕೊಂಡರು. "ಎಲ್ರಿಗೂ."

"ಭೇಷ್," ಎಂದು ಗೊಣಗುತ್ತಾ ಹೆಡ್ ಕಾನ್‌ಸ್ಟೇಬಲ್ ಎಫ್‌ಐಆರ್ ಬರೆಯಲು ಕೂತರು.

ಸ್ಥಳ ಪಂಚನಾಮೆ ಆಯಿತು, ಹೇಳಿಕೆಗಳಾದವು, ಸುಳಿವು ಮಾತ್ರ ಸೊನ್ನೆ. ಗುಬ್ಬಿ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಳು. ಶನಿವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ, ಅರೆ, ರೈಫಲ್ ತನ್ನ ಜಾಗದಲ್ಲೇ ಇದೆ! ಒಂದು ಬೆರಳಚ್ಚೂ ಉಳಿಯದಂತೆ ಒರೆಸಿಟ್ಟಿದ್ದರು.

"ಇನ್ನೇನು, ಕೇಸು ಮುಗೀತಲ್ಲ?" ಎಂದರು ಕೋಚ್.

"ವಾಪಸ್ ಇಟ್ಟುಬಿಟ್ರೆ ಕದ್ದಿದ್ದು ಸುಳ್ಳಾಗುತ್ತೇನ್ರೀ?" ಇನ್ಸ್‌ಪೆಕ್ಟರ್ ರೈಫಲ್ಲನ್ನು ಗುಬ್ಬಿಯ ಕೈಗೆ ಕೊಟ್ಟರು. "ನೋಡಮ್ಮ, ಏನಾದ್ರೂ ಕೆಡಿಸಿದಾರಾ?"

ಗುಬ್ಬಿ ಖಾಲಿ ರೈಫಲ್ಲಿನ ಟ್ರಿಗರ್ ಎಳೆದಳು. ಮತ್ತೊಮ್ಮೆ ಎಳೆದಳು. "ಟ್ರಿಗರ್ ಮುಟ್ಟಿದಾರೆ ಮೇಡಂ. ಆದ್ರೆ ಕೆಡಿಸಿಲ್ಲ, ಸರಿ ಮಾಡಿದಾರೆ. ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ."

ಕೋಚ್ ಮುಜುಗರದಿಂದಲೇ ವಿವರಿಸಿದರು. ಗುಂಡು ಹಾರಿದ ಮೇಲೂ ಟ್ರಿಗರ್ ಹಿಂದಕ್ಕೆ ಸರಿಯುತ್ತದೆ. ಅದು ಓವರ್‌ಟ್ರಾವೆಲ್. ಹೆಚ್ಚಾದರೆ, ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ಬೆರಳು ಮುಗ್ಗರಿಸಿ ಗುರಿ ಅಲುಗುತ್ತದೆ. ತಡೆಯಲು ಒಂದು ಪುಟ್ಟ ಸ್ಕ್ರೂ ಇದೆ. ಟ್ರಿಗರ್ ಕೆಲಸ ನಿಲ್ಲಿಸುವ ತನಕ ಅದನ್ನು ಬಿಗಿಮಾಡಿ, ಆಮೇಲೆ ಒಂದಿಷ್ಟು ಹಿಂದಕ್ಕೆ ಬಿಡಬೇಕು. ಎಷ್ಟು ಬಿಡಬೇಕೆನ್ನುವುದರಲ್ಲೇ ಇದೆ ಎಲ್ಲ ಚಮತ್ಕಾರ.

"ನಾನು ಪೂರ್ತಿ ಒಂದು ಸುತ್ತು ಬಿಡ್ತೀನಿ. ಈ ಪುಣ್ಯಾತ್ಮರು ಅರ್ಧಕ್ಕೇ ನಿಲ್ಸಿದಾರೆ."

ಹಾಗಾದರೆ ಆ ಕೈ ತನ್ನ ರೈಫಲ್ಲನ್ನೂ ಹೀಗೇ ಸರಿಮಾಡಿಕೊಂಡಿರಬೇಕು ಎಂದು ಇನ್ಸ್‌ಪೆಕ್ಟರ್ ತಮ್ಮ ಸೇವೆಯಲ್ಲೇ ಕಂಡಿರದ ಪರೇಡ್ ಒಂದನ್ನು ನಡೆಸಿದರು. ಇಬ್ಬರು ಪಂಚರ ಮುಂದೆ ಸದಸ್ಯರ ರೈಫಲ್ಲುಗಳನ್ನೆಲ್ಲ ಖಾಲಿ ಮಾಡಿ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಗುಬ್ಬಿಯ ಕಣ್ಣಿಗೆ ಬಟ್ಟೆ ಕಟ್ಟಿದರು. ಹುಡುಗಿ ಒಂದೊಂದೇ ಟ್ರಿಗರ್ ಎಳೆಯುತ್ತಾ ಬಂದು ಏಳನೆಯದರ ಹತ್ತಿರ ನಿಂತಳು.

"ಇದೇ ಕೈ ಮೇಡಂ. ಆಹಾ, ಎಂಥಾ ಕೈ!" ಆಮೇಲೆ ಅವಳ ಮುಖ ಬಾಡಿತು. "ನಾಳೆ ಸ್ಪರ್ಧೆ ನಡುವೆ ನನ್ ಸ್ಕ್ರೂ ಸಡಿಲ ಆಗ್ಬಿಟ್ರೆ?"

"ಆಗಲ್ಲ ಕಣೇ, ಅಂಟು ಹಾಕಿದೀನಿ," ಎಂದಿತು ಹಿಂದೆ ನಿಂತಿದ್ದ ಸದಸ್ಯರ ಸಾಲಿನಿಂದ ಒಂದು ದನಿ. ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಏಳನೆಯ ರೈಫಲ್ ಅವಳದೇ. ಐದು ವರ್ಷದಿಂದ ಗುಬ್ಬಿಯ ಹಿಂದೆ ಎರಡನೆಯವಳಾಗಿ ನಿಂತು ನಿಂತು ಕ್ಲಬ್ಬಿನವರ ಬಾಯಲ್ಲಿ ಸೆಕೆಂಡಕ್ಕ ಆಗಿದ್ದಳು.

"ಯಾಕಮ್ಮ ಕದ್ದೆ?"

"ಒಂದ್ಸಲನಾದ್ರೂ ಮೊದಲು ಬರ್ಬೇಕಿತ್ತು ಮೇಡಂ. ವಯಸ್ಸಾಗ್ತಾ ಬಂತು, ಇದೇ ಕೊನೇ ಅವಕಾಶ."

"ಮತ್ತೆ ಸರಿ ಮಾಡಿದ್ಯಾಕೆ?"

"ಮನೇಲಿ ಸುಮ್ನೆ ಟ್ರಿಗರ್ ಎಳೆದು ನೋಡ್ದೆ. ಎದೆ ಧಸಕ್ ಅಂತು. ಇಂಥಾ ದರಿದ್ರ ಟ್ರಿಗರ್ ಇಟ್ಕೊಂಡು ಇವಳು ನನ್ನ ಸೋಲಿಸ್ತಿದ್ಲಾ! ಸರಿಯಾದ್ದು ಕೊಟ್ರೆ ಇನ್ನೆಷ್ಟು ಹೊಡೀತಾಳೋ ನೋಡ್ಬೇಕು ಅನ್ನಿಸ್ತು. ಹೊಟ್ಟೆಕಿಚ್ಚು ಎಲ್ಲಿ ಹೋಯ್ತೋ ಗೊತ್ತಿಲ್ಲ."

ಕಳ್ಳರನ್ನು ಮೆಚ್ಚುವುದು ಇನ್ಸ್‌ಪೆಕ್ಟರ್ ಜಾಯಮಾನವಲ್ಲ, ಅವತ್ತು ಮಾತ್ರ ಮೆಚ್ಚಿದರು. ಆದರೂ ಬಂದೂಕಿನ ಕಳವು ಕಳವೇ. ಸಂಜೆ ಐದಕ್ಕೆ ಸೆಕೆಂಡಕ್ಕನನ್ನು ದಸ್ತಗಿರಿ ಮಾಡಿದರು. ನ್ಯಾಯಾಲಯದ ಅನುಮತಿ ಪಡೆದು ರೈಫಲ್ಲನ್ನು ಮುಚ್ಚಳಿಕೆಯ ಮೇಲೆ ಗುಬ್ಬಿಗೆ ಒಪ್ಪಿಸಿದರು.

ಭಾನುವಾರ ಮಧ್ಯಾಹ್ನ ಠಾಣೆಯ ಫೋನ್ ಬಡಿದುಕೊಂಡಿತು. ಹೆಡ್ ಕಾನ್‌ಸ್ಟೇಬಲ್ ಕೇಳಿಸಿಕೊಂಡು ಲಾಕಪ್ಪಿನ ಕಡೆ ನೋಡಿದರು. ಸೆಕೆಂಡಕ್ಕ ಆಗಲೇ ಸರಳು ಹಿಡಿದು ನಿಂತಿದ್ದಳು.

"ದಾಖಲೆ ಮುರಿದ್ಲಂತೆ ಕಣಮ್ಮ. ತಂಡಕ್ಕೆ ಸೇರಿದ್ಲು."

ಅವಳ ಕಣ್ಣು ತುಂಬಿ ಬಂತು. ತೋರುಬೆರಳನ್ನು ಗಾಳಿಯಲ್ಲೇ ಮೆಲ್ಲಗೆ ಮಡಚಿ ನೋಡಿಕೊಂಡಳು.

"ಹಾಗಾದ್ರೆ ಅರ್ಧ ಸುತ್ತು ಸರಿಯಾಗೇ ಇತ್ತು," ಎಂದಳು.