ಕಾಮೆಟ್‌ನ ಬಲಗಡೆಯ ಸೀಟು

"ಮೊದಲು ಆ ವಿಮಾನ ನಿಲ್ಲಿಸಿ."

ಶೆಡ್ಡಿನ ಬಾಗಿಲಲ್ಲಿ ನಿಂತು ಮುಂಬುವಾ ಗಂಟಲು ಹರಿಯುವಂತೆ ಕೂಗಿದಳು. ಕೈಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಹಾಗೇ ಇತ್ತು. ಕೋಪದಲ್ಲಿ ಅದನ್ನು ಮನೆಯಲ್ಲಿ ಇಟ್ಟು ಬರುವುದನ್ನೂ ಮರೆತಿದ್ದಳು.

"ಈಗ ನಿಲ್ಲಿಸೋಕಾಗಲ್ಲ ಮೇಡಂ," ಒಳಗಿನಿಂದ ಗಂಡಸಿನ ದನಿ ಬಂತು. "ವಿಕ್ಟೋರಿಯಾ ಸರೋವರದ ಮೇಲಿದ್ದೀವಿ. ಕೆಳಗೆ ಬರೀ ನೀರು."

ನೈರೋಬಿಯ ಲಂಗಾಟಾದಲ್ಲಿ ಮುಂಬುವಾಳ ಮನೆ ಮಹಡಿಯ ಮೇಲಿತ್ತು. ಗೋಡೆಯಾಚೆ ಮೇಜು ಕುರ್ಚಿ ಮಾಡುವ ಕಾರ್ಖಾನೆ, ಅದರ ಹಿಂದೆ ಈ ಶೆಡ್ಡು. ದಿನಾ ಸಂಜೆ ಇಲ್ಲಿಂದ ನಾಲ್ಕು ಜೆಟ್ ಎಂಜಿನ್‌ಗಳು ಊಳಿಡುತ್ತಿದ್ದವು. ಅವಳ ಕಪಾಟಿನ ಕಪ್ಪುಗಳು ನಡುಗುತ್ತಿದ್ದವು. ಹುಡುಗಿಯರ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಇದೇ ಗಲಾಟೆಯಲ್ಲಿ ಸರಿ ಉತ್ತರಕ್ಕೆ ತಪ್ಪು ಹಾಕಿ ಮಕ್ಕಳ ಬಾಯಿಂದ ಅನ್ನಿಸಿಕೊಂಡೂ ಆಗಿತ್ತು.

ಒಳಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

ಪ್ಲೈವುಡ್ಡಿನಲ್ಲಿ ಕಟ್ಟಿದ ವಿಮಾನದ ಮೂತಿ. ಒಳಗೆ ಮುಂದೆ ಎರಡು ಸೀಟು, ಹಿಂದೊಂದು, ಮೈತುಂಬ ಗಡಿಯಾರದಂಥ ಡಯಲ್‌ಗಳು. ಮುಂದಿನ ಬಿಳಿ ಪರದೆಯಲ್ಲಿ ಸೂರ್ಯ ಮುಳುಗುತ್ತಿದ್ದ, ಕೆಳಗೆ ಸರೋವರ ತಾಮ್ರದ ತಟ್ಟೆಯ ಹಾಗೆ ಹರಡಿತ್ತು.

ಎಡಗಡೆ ಕೂತವನು ತಿರುಗಿ ನೋಡಲಿಲ್ಲ. "ಬೈಯೋದಾದ್ರೆ ಕೂತ್ಕೊಂಡು ಬೈಯಿರಿ. ಆ ಬಲಗಡೆ ಸೀಟು ಖಾಲಿ ಇದೆ. ಮಧ್ಯದಲ್ಲಿ ನಾಲ್ಕು ಹಿಡಿಕೆ ಇವೆಯಲ್ಲ, ನಾನು ಹೇಳಿದಾಗ ಮೆಲ್ಲಗೆ ಹಿಂದಕ್ಕೆ ಎಳೀರಿ."

ಅವಳು ಯಾಕೆ ಕೂತಳೋ ಅವಳಿಗೇ ಗೊತ್ತಾಗಲಿಲ್ಲ. ಹಿಡಿಕೆಗಳನ್ನು ಜೋರಾಗಿ ಎಳೆದಾಗ ಅವನ ಅಂಗೈ ಅವಳ ಕೈಯ ಮೇಲೆ ಬಂದು ಕೂತಿತು. "ಮೆಲ್ಲಗೆ... ಈ ವಿಮಾನ ಮುದುಕಿ. ಗದರಿದ್ರೆ ಕೇಳಲ್ಲ."

ಸರೋವರದಾಚೆಯ ಎಂಟೆಬೆಯ ರನ್‌ವೇ ಪರದೆಯಲ್ಲಿ ಏರಿ ಬಂತು. ಚಕ್ರ ನೆಲ ಮುಟ್ಟಿದಾಗ ಮುಂಬುವಾಳ ಎದೆ ನಿಜಕ್ಕೂ ಒಮ್ಮೆ ಕುಪ್ಪಳಿಸಿತು. ಶೆಡ್ಡು ಶಾಂತವಾಯಿತು.

"ನಾಳೆನೂ ಈ ಗಲಾಟೆ ಇರುತ್ತಾ?" ಎದ್ದು ನಿಲ್ಲುತ್ತಾ ಗತ್ತಿನಲ್ಲಿ ಕೇಳಿದಳು.

"ಇರುತ್ತೆ."

"ಎಷ್ಟು ಹೊತ್ತಿಗೆ?"

ಅವನು ಮೊದಲ ಸಲ ಅವಳತ್ತ ಪೂರ್ತಿಯಾಗಿ ತಲೆ ತಿರುಗಿಸಿ ನೋಡಿ ನಕ್ಕ.

ಅವನ ಹೆಸರು ಒಡೇರಾ. ಹಿಂದೆ ಸಣ್ಣ ಸರಕು ವಿಮಾನ ಹಾರಿಸುತ್ತಿದ್ದ, ಈಗ ಸೋದರಮಾವನ ಕಾರ್ಖಾನೆ ನೋಡಿಕೊಳ್ಳುತ್ತಿದ್ದ. ಹಾರಾಟ ಯಾಕೆ ಬಿಟ್ಟಿರಿ ಎಂದು ಕೇಳಿದರೆ "ಸಾಕಾಯ್ತು" ಎನ್ನುತ್ತಿದ್ದ, ಅಷ್ಟೆ. ಜಗತ್ತಿನಲ್ಲಿ ಮೊಟ್ಟಮೊದಲು ಪ್ರಯಾಣಿಕರನ್ನು ಹೊತ್ತು ಹಾರಿದ ಜೆಟ್ ವಿಮಾನ ಕಾಮೆಟ್, ಒಂದು ಕಾಲದಲ್ಲಿ ಈ ಊರಿನ ಆಕಾಶದಲ್ಲೂ ಓಡಾಡಿದ್ದು, ಅವನ ಹುಚ್ಚು. ಗುಜರಿಯಲ್ಲಿ ಸಿಕ್ಕ ಡಯಲ್‌ಗಳನ್ನು ತಂದು, ಕಂಪ್ಯೂಟರಿಗೆ ತಂತಿ ಜೋಡಿಸಿ, ಆ ಮುದುಕಿಯನ್ನು ಪರದೆಯ ಮೇಲೆ ಮತ್ತೆ ಹಾರಿಸುತ್ತಿದ್ದ.

ಮುಂಬುವಾ ದಿನಾ ಬರತೊಡಗಿದಳು. ಬರುವಾಗ ಮಂದಾಸಿ ಎಂಬ ಸಿಹಿ ಬೋಂಡಾ ಕರಿದು ತರುತ್ತಿದ್ದಳು. 'ನೀವು' ಹೋಗಿ 'ನೀನು' ಬಂತು. ವಿಮಾನ ಇಳಿಯುವಾಗ ಒಡೇರಾ ಹೇಳುತ್ತಿದ್ದ, "ಡಯಲ್ ಓದಿ ಹೇಳ್ತಾ ಇರು ಮುಂಬುವಾ. ನಿನ್ನ ದನಿ ಕೇಳಿಸ್ತಿದ್ರೆ ನನಗೆ ಧೈರ್ಯ."

ವೇಗ, ಎತ್ತರ, ಎಣ್ಣೆಯ ಒತ್ತಡ... ಅವಳು ಒಂದೊಂದಾಗಿ ಓದುವಳು. ಯಾವ ಗಂಡಸೂ ಅವಳಿಗೆ ಇಷ್ಟು ಚೆಂದದ ಮಾತು ಹೇಳಿರಲಿಲ್ಲ. ಹಾಗಂತ ಅವಳು ತಿಳಿದಿದ್ದಳು.

ಆಮೇಲೆ ನಶಿಪಾಯ್ ಬಂದಳು.

ಒಂದು ಶನಿವಾರ ಮುಂಬುವಾ ಶೆಡ್ಡಿಗೆ ಕಾಲಿಟ್ಟಾಗ ಬಲಗಡೆಯ ಸೀಟಿನಲ್ಲಿ ನೀಳ ಕತ್ತಿನ ಹೆಂಗಸೊಬ್ಬಳು ಕೂತಿದ್ದಳು. ಭುಜದ ಮೇಲೆ ಕ್ಯಾಪ್ಟನ್ನಿನ ಪಟ್ಟಿಗಳು.

"ಇನ್ನೂ ಈ ಮುದುಕಿ ಸಹವಾಸ ಬಿಟ್ಟಿಲ್ವೇನೋ ನೀನು?" ಎಂದು ಅವಳು ಒಡೇರಾನ ಬೆನ್ನಿಗೆ ಗುದ್ದಿದಳು. ಮುಂಬುವಾಳನ್ನು ಕಂಡು, "ಓ, ಬಯ್ಯೋಕೆ ಬಂದು ಇಲ್ಲೇ ಉಳಿದ ಟೀಚರಮ್ಮ ಇವರೇನಾ?"

"ನಶಿಪಾಯ್, ನನ್ನ ಜೊತೆ ಹಾರಾಟ ಕಲಿತವಳು," ಒಡೇರಾ ಹೇಳಿದ. "ದೋಹಾದಿಂದ ವಿಮಾನ ಇಳಿಸಿ ನೇರ ಇಲ್ಲಿಗೇ ಬಂದಿದ್ದಾಳೆ, ಇನ್ನು ರಜೆ. ನಾನೇ ಕರೆಸಿದೆ. ಮುಂದಿನ ತಿಂಗಳು ಹಾರಾಟದ ಹಬ್ಬದಲ್ಲಿ ನಾವು ಕಾಮೆಟ್ ತೋರಿಸ್ಬೇಕಲ್ಲ."

"ಬರೀ ಕಲಿತವಳು ಅಂದ್ರೆ ಹೇಗೋ?" ನಶಿಪಾಯ್ ನಕ್ಕಳು. "ನೀನು ನನಗೆ ಉಂಗುರ ತೊಡಿಸಿದ್ದೆ, ಅದನ್ನೂ ಹೇಳು."

ಉಂಗುರ... ಮುಂಬುವಾಳ ಕೈಯಲ್ಲಿದ್ದ ಮಂದಾಸಿಯ ಡಬ್ಬಿ ಇದ್ದಕ್ಕಿದ್ದಂತೆ ಭಾರವಾಯಿತು.

"ನೀನು ಇವತ್ತು ಹಿಂದೆ ಎಂಜಿನಿಯರ್ ಸೀಟಲ್ಲಿ ಕೂತ್ಕೋ ಮುಂಬುವಾ," ಒಡೇರಾ ಹೇಳಿದ. "ಅದನ್ನೂ ಕಲೀಬೇಕು ನೀನು."

ಅವಳು ಹಿಂದೆ ಹೋಗಿ ಕೂತಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದುದು ಎರಡು ತಲೆಗಳು ಮಾತ್ರ, ಮಾತಿಗೊಮ್ಮೆ ಒಂದರತ್ತ ಒಂದು ವಾಲುವ ತಲೆಗಳು.

ಆ ವಾರವೆಲ್ಲ ಹೀಗೇ. ಅವರಿಬ್ಬರ ಹಳೆಯ ನೆನಪುಗಳಲ್ಲಿ ಮುಂಬುವಾಗೆ ಬಾಗಿಲೇ ಇರಲಿಲ್ಲ. ನಶಿಪಾಯ್ ಹೋದ ಮೇಲೆ ಒಮ್ಮೆ ಮುಂಬುವಾ ಬಲಗಡೆಯ ಸೀಟಿಗೆ ಒರಗಿದಳು. ಆ ಹೆಂಗಸಿನ ಸೆಂಟಿನ ವಾಸನೆ ಅಲ್ಲೇ ಕೂತಿತ್ತು. ಮನೆಗೆ ಹೋಗಿ ತಲೆ ತೊಳೆದುಕೊಂಡಳು. ಆದರೂ ಮೂಗಿನಿಂದ ಹೋಗಲಿಲ್ಲ.

'ನಾನು ಯಾರು ಇವನಿಗೆ? ಪಕ್ಕದ ಮನೆಯವಳು. ಅವಳು ನಿಜವಾದ ವಿಮಾನ ಹಾರಿಸ್ತಾಳೆ. ನಾನು ಡಯಲ್ ಓದ್ತೀನಿ...'

ತರಗತಿಯಲ್ಲೂ ಅದೇ ಯೋಚನೆ, ಊಟಕ್ಕೆ ಕೂತರೂ ಅದೇ.

ಮುಂದಿನ ಶನಿವಾರ ಮೂವರೂ ಮತ್ತೆ ಎಂಟೆಬೆಗೆ ಹೊರಟರು. ಕಂಪ್ಯೂಟರ್ ತನಗೆ ತೋಚಿದಾಗ ವಿಮಾನದಲ್ಲಿ ಏನಾದರೊಂದು ಕೆಡಿಸುವಂತೆ ಒಡೇರಾ ಏರ್ಪಾಡು ಮಾಡಿದ್ದ. ಅಭ್ಯಾಸವೆಂದರೆ ಅದೇ.

ಸರೋವರದ ಮೇಲೆ ಇಳಿಯತೊಡಗಿದಾಗ ಮುಂಬುವಾಳ ಎದುರಿನ ಡಯಲ್ ಒಂದರಲ್ಲಿ ಮುಳ್ಳು ಅಲುಗಿತು. ಮೂರನೆಯ ಎಂಜಿನ್ನಿನ ಎಣ್ಣೆಯ ಒತ್ತಡ. ಮೆಲ್ಲಗೆ ಕೆಳಗೆ ಜಾರುತ್ತಿತ್ತು.

ಹೇಳಲು ಬಾಯಿ ತೆರೆದಳು.

"ಆ ದಿನ ನೆನಪಿದೆಯೇನೋ," ಮುಂದಿನಿಂದ ನಶಿಪಾಯ್ ಹೇಳುತ್ತಿದ್ದಳು, "ಕಿಸುಮುವಿನಲ್ಲಿ ರನ್‌ವೇ ಮೇಲೆ ಹಸು ನಿಂತಿತ್ತು, ನೀನು ಮೈಕಲ್ಲಿ ಹಸುಗೆ ಬೈದೆ..."

ಒಡೇರಾ ಬಿದ್ದು ಬಿದ್ದು ನಕ್ಕ. ಮುಂಬುವಾಳ ಹತ್ತಿರ ಅವನು ಯಾವತ್ತೂ ಹಾಗೆ ನಕ್ಕಿರಲಿಲ್ಲ.

ಅವಳು ಬಾಯಿ ಮುಚ್ಚಿದಳು.

ಮುಳ್ಳು ಕೆಂಪು ಗೆರೆಗೆ ಬಂತು, ದಾಟಿತು. ಅವಳು ನೋಡುತ್ತಲೇ ಇದ್ದಳು. 'ನೋಡ್ಕೊಳ್ಳಲಿ, ಅವಳೇ ನೋಡ್ಕೊಳ್ಳಲಿ. ಕ್ಯಾಪ್ಟನ್ ಅಲ್ವಾ...'

ಕಾಮೆಟ್‌ನ ಎಂಜಿನ್‌ಗಳು ರೆಕ್ಕೆಯ ಬುಡದೊಳಗೇ ಹುದುಗಿರುತ್ತವೆ. ಒಂದಕ್ಕೆ ಬೆಂಕಿ ಬಿದ್ದರೆ ರೆಕ್ಕೆಯೇ ಹೋದಂತೆ. ಗಂಟೆ ಕಿರುಚಿತು, ಕೆಂಪು ದೀಪ ಹತ್ತಿತು, ಪರದೆಯಲ್ಲಿ ಸರೋವರ ಓರೆಯಾಗಿ ಮೇಲೆದ್ದು ಬಂತು. ಆಮೇಲೆ ಬರೀ ನೀಲಿ, ಸದ್ದೇ ಇಲ್ಲ.

"ಮುಳುಗಿದ್ವಲ್ಲಪ್ಪ," ಎಂದು ನಶಿಪಾಯ್ ಸಣ್ಣಗೆ ನಕ್ಕಳು.

ಒಡೇರಾ ನಗಲಿಲ್ಲ. "ನಶಿಪಾಯ್, ಸ್ವಲ್ಪ ಹೊರಗಿರು."

ಅವಳು ಹೋದ ಮೇಲೆ ಸೀಟು ತಿರುಗಿಸಿದ. "ಮುಳ್ಳು ಬೀಳ್ತಿದ್ದಿದ್ದು ನಿನಗೆ ಕಾಣಿಸ್ತಿತ್ತು. ಕಂಡೂ ಸುಮ್ಮನಿದ್ದೆ. ಅಲ್ವಾ?"

"ನಿಮ್ಮಿಬ್ಬರ ನಗು ಮಧ್ಯೆ ಮಾತಾಡೋಕೆ ನನಗೆ ಜಾಗ ಎಲ್ಲಿತ್ತು?"

"ಅದು ಉತ್ತರ ಅಲ್ಲ."

"ಇದು ಆಟ ಒಡೇರಾ. ಯಾರೂ ಸತ್ತಿಲ್ಲ."

"ಹೌದು. ಆಟ..." ಅವನು ತಡವರಿಸಿ ಎದ್ದ. ಪಕ್ಕದಲ್ಲೇ ಇದ್ದ ಚಹಾದ ಗಾಜಿನ ಲೋಟ ಮೊಣಕೈ ತಗುಲಿ ಬಿದ್ದು ಚೂರುಚೂರಾಯಿತು. "ನಿನ್ನ ದನಿ ನಂಬಿ ಇಳೀತಿದ್ದೆ ನಾನು. ಹೋಗು ಮುಂಬುವಾ."

ಹೋಗು ಎಂದುಬಿಟ್ಟ... ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆಗಳು ಮೌನವಾದವು. ಕಪಾಟಿನ ಕಪ್ಪುಗಳು ಅಲ್ಲಾಡಲಿಲ್ಲ. ಯಾವ ಶಾಂತಿಗಾಗಿ ಜಗಳಕ್ಕೆ ಹೋಗಿದ್ದಳೋ ಅದು ಈಗ ಸಿಕ್ಕಿತ್ತು, ಆದರೆ ಅವಳಿಗೆ ಅದು ಬೇಡವಾಗಿತ್ತು.

ಒಂದು ಮಧ್ಯಾಹ್ನ ಕಿಟಕಿಯಿಂದ ನೋಡಿದಳು. ಕಾರ್ಖಾನೆಯ ಅಂಗಳದಲ್ಲಿ ಟ್ಯಾಕ್ಸಿ ಬಂದು ನಿಂತಿತು. ನಶಿಪಾಯ್ ಇಳಿದು ಒಡೇರಾನ ತೋಳು ಹಿಡಿದುಕೊಂಡಳು. ಕಪ್ಪು ಕನ್ನಡಕ ಹಾಕಿದ್ದ ಅವನು ಅವಳಿಗೆ ಒತ್ತಿಕೊಂಡೇ ನಡೆದ. ಮರದ ಹಲಗೆಗಳ ನಡುವೆ ಮೆಲ್ಲಗೆ, ಮದುವೆಯ ಮೆರವಣಿಗೆಯವರಂತೆ.

ಮುಂಬುವಾ ಪರದೆ ಎಳೆದಳು. ಕೈ ಮಾತ್ರ ಪರದೆಯನ್ನು ಬಿಡಲಿಲ್ಲ. ಬಟ್ಟೆ ಕೊಕ್ಕೆಯಿಂದ ಕಿತ್ತು ಬಂತು.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ನಶಿಪಾಯ್.

"ಒಳಗೆ ಕರೀಬೇಡಿ ಟೀಚರಮ್ಮ, ಇಲ್ಲೇ ಹೇಳಿ ಹೋಗ್ತೀನಿ," ಎಂದಳು. ಅವಳ ಮುಖದಲ್ಲಿ ಇವತ್ತು ನಗು ಇರಲಿಲ್ಲ. "ಆಸ್ಪತ್ರೆಯಿಂದ ಬಂದ್ವಿ. ಕಣ್ಣಿಗೆ ಔಷಧಿ ಹಾಕಿದ್ದಾರೆ, ಸಂಜೆವರೆಗೂ ಅವನಿಗೆ ಏನೂ ಸರಿಯಾಗಿ ಕಾಣಲ್ಲ."

"ಯಾಕೆ? ಏನಾಗಿದೆ?"

"ಗ್ಲಾಕೋಮಾ. ಎದುರಿಗಿರೋದು ಕಾಣುತ್ತೆ, ಸುತ್ತಲಿಂದ ಕತ್ತಲೆ ಮುತ್ತಿಕೊಂಡು ಬರ್ತಿದೆ. ಅದಕ್ಕೇ ಹಾರೋದು ಬಿಟ್ಟಿದ್ದು, ನನ್ನನ್ನೂ ಬಿಟ್ಟಿದ್ದು. ಕಾರಣ ಹೇಳ್ಲಿಲ್ಲ, ಉಂಗುರ ವಾಪಸ್ ಕೊಡು ಅಂದ ಅಷ್ಟೆ. ನನಗೆ ಗೊತ್ತಾಗಿದ್ದೂ ಈ ಸಲವೇ."

ಮುಂಬುವಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಡಯಲ್ ಓದಿ ಹೇಳ್ತಾ ಇರು... ನಿನ್ನ ದನಿ ಕೇಳಿಸ್ತಿದ್ರೆ ನನಗೆ ಧೈರ್ಯ...

"ನನ್ನನ್ನ ಕರೆಸಿದ್ದು ಯಾಕೆ ಗೊತ್ತಾ?" ನಶಿಪಾಯ್ ಮುಂದುವರಿಸಿದಳು. "ಹಬ್ಬದ ದಿನ ಎಡಗಡೆ ಕ್ಯಾಪ್ಟನ್ ಸೀಟಿನಲ್ಲಿ ನೀವು ಕೂರ್ಬೇಕಂತೆ. ನಿಮಗೆ ಕಲಿಸು ಅಂತ. ನಾನು ಕಲಿಸ್ಲಿಲ್ಲ. ಹಳೇ ಕಥೆ ಹೇಳ್ಕೊಂಡು ಕೂತೆ. ನೀವು ಕೇಳಿಸ್ಕೊಳ್ಳಿ ಅಂತಾನೇ ಹೇಳ್ದೆ."

"ಕ್ಯಾಪ್ಟನ್, ನಾನು ಆವತ್ತು ಆ ಮುಳ್ಳು..."

"ನನಗೂ ಕಾಣಿಸ್ತಿತ್ತು."

ಮುಂಬುವಾ ತಲೆ ಎತ್ತಿದಳು.

"ಮಧ್ಯದ ಫಲಕದಲ್ಲೂ ಒಂದು ಡಯಲ್ ಇದೆಯಲ್ಲ. ನಾನೂ ನೋಡ್ತಾನೇ ಇದ್ದೆ. ಹೇಳದೇ ಇದ್ರೆ ತಪ್ಪು ನಿಮ್ಮ ತಲೆಗೆ ಬರುತ್ತೆ ಅಂತ ಸುಮ್ಮನಿದ್ದೆ. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಅಂದ್ಕೊಂಡ್ರಾ? ಕಣ್ಣಿದ್ದ ಇಬ್ಬರೂ ಬಾಯಿ ಮುಚ್ಕೊಂಡ್ವಿ. ಮಧ್ಯೆ ಅವನೊಬ್ಬ ಮುಳ್ಳು ಕಾಣದೆ ಇಳಿಸ್ತಿದ್ದ. ನಾನು ನೂರಾರು ಜನರನ್ನ ಕೂರಿಸ್ಕೊಂಡು ಹಾರೋಳು. ಆವತ್ತಿಂದ ನನಗೆ ನಿದ್ದೆ ಇಲ್ಲ."

ಕೆಳಗೆ ಯಾರೋ ಮರ ಕೊಯ್ಯುತ್ತಿದ್ದರು.

"ಅವನನ್ನ ಕರ್ಕೊಂಡು ಹೋಗೋಣ ಅಂತ ಬಂದಿದ್ದೆ, ಸುಳ್ಳು ಹೇಳಲ್ಲ," ನಶಿಪಾಯ್ ಹೇಳಿದಳು. "ಇವತ್ತು ಕೇಳೇಬಿಟ್ಟೆ. ಏನಂದ ಗೊತ್ತಾ? 'ಮುಂಬುವಾ ಬೈದ್ರೆ ಮಾತ್ರ ನನಗೆ ಮನೇಲಿದ್ದ ಹಾಗಿರುತ್ತೆ' ಅಂದ." ಅವಳು ಕೆನ್ನೆ ಒರೆಸಿಕೊಂಡಳು. "ಹೋಗಿ ಬೈಯಿರಿ. ನಾನು ನಾಳೆ ಹೊರಡ್ತೀನಿ."

ಮುಂಬುವಾ ಚಪ್ಪಲಿಯನ್ನೂ ಹಾಕದೆ ಓಡಿದಳು.

ಶೆಡ್ಡಿನಲ್ಲಿ ಅವನು ಎಡಗಡೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಪರದೆ ಬಿಳಿಯಾಗಿತ್ತು.

"ಯಾರು?"

"ನಾನು."

ಅವನು ಸೆಟೆದು ಕೂತ. "ಬಂದಿದ್ದೇಕೆ?"

"ತಪ್ಪು ಒಪ್ಪಿಕೊಳ್ಳೋಕೆ. ನನಗೆ ಕಾಣಿಸ್ತಿತ್ತು ಒಡೇರಾ. ಅವಳು ಸೋಲಲಿ ಅಂತ ಸುಮ್ಮನಿದ್ದೆ. ಆಟ ಅಂದಿದ್ದೂ ಸುಳ್ಳು. ಆ ಗಳಿಗೆ ನನಗೆ ಆಟ ಆಗಿರ್ಲಿಲ್ಲ." ಮರುಕ್ಷಣವೇ ದನಿ ಏರಿತು. "ಆದ್ರೆ ನೀನೇನು ಸಾಚಾನಾ? ಕಣ್ಣಿನ ವಿಷಯ ನನಗೆ ಯಾಕೆ ಹೇಳ್ಲಿಲ್ಲ? ದನಿ ಚೆನ್ನಾಗಿದೆ ಅಂತ ಓದಿಸ್ತಿದ್ದೀಯ ಅಂದ್ಕೊಂಡೆ. ಎಷ್ಟು ಬೀಗಿದ್ದೆ ಗೊತ್ತಾ ಪೆದ್ದಿ ಹಾಗೆ?"

"ಹೇಳಿದ್ರೆ ನೀನು ಬೈಯೋದು ಬಿಟ್ಟುಬಿಡ್ತಿದ್ದೆ," ಅವನು ಮೆಲ್ಲಗೆ ಹೇಳಿದ. "ಎಲ್ಲರೂ ಅಷ್ಟೆ. ವಿಷಯ ಗೊತ್ತಾದ ತಕ್ಷಣ ಮೆತ್ತಗೆ ಮಾತಾಡ್ತಾರೆ. ನೀನೂ ಹಾಗಾಗೋದು ಬೇಡ ಅನಿಸ್ತು. ಆದ್ರೂ ದನಿ ಚೆನ್ನಾಗಿರೋದು ಸುಳ್ಳಲ್ಲ."

"ಮಾತು ಮರೆಸ್ಬೇಡ."

"ನನಗೆ ನೀನು ಬೇಕು ಮುಂಬುವಾ. ಬೇಕು ಅಂತ ಕೇಳೋ ಹಕ್ಕು ಇದೆಯೋ ಇಲ್ವೋ ಗೊತ್ತಿಲ್ಲ."

ಅವಳು ಬಲಗಡೆಯ ಸೀಟಿನಲ್ಲಿ ಕೂತು ಅವನ ಅಂಗೈಯಲ್ಲಿ ತನ್ನ ಕೈಯಿಟ್ಟಳು. ಎಷ್ಟೋ ಹೊತ್ತು ಇಬ್ಬರೂ ಬಿಳಿ ಪರದೆಯತ್ತ ಮುಖ ಮಾಡಿ ಕೂತಿದ್ದರು.

ಹಬ್ಬದ ದಿನ ಎಡಗಡೆಯ ಸೀಟಿನಲ್ಲಿ ಮುಂಬುವಾ, ಅವಳ ಪಕ್ಕದಲ್ಲಿ ಒಡೇರಾ. ಕಾಮೆಟ್ ಅವಳ ಕೈಯಲ್ಲಿ ಒಂದೇ ಒಂದು ಸಲ ಕುಪ್ಪಳಿಸಿ ಪರದೆಯ ಮೇಲಿನ ಖಾರ್ಟೂಮಿನಲ್ಲಿ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಜವಾದ ಕಾಮೆಟ್‌ನಲ್ಲಿ ಗಗನಸಖಿಯಾಗಿದ್ದ ಅಜ್ಜಿಯೊಬ್ಬರು ಬಂದು ಒಡೇರಾನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಅತ್ತರು, ಕೆನ್ನೆಗೆ ಮುತ್ತಿಟ್ಟರು.

ಎಲ್ಲರೂ ಚದುರಿದ ಮೇಲೆ ಮುಂಬುವಾ ಕರವಸ್ತ್ರ ತೆಗೆದು ಅವನ ಕೆನ್ನೆಯನ್ನು ತಿಕ್ಕಿ ತಿಕ್ಕಿ ಒರೆಸಿದಳು.

"ಆ ಅಜ್ಜಿ ನಿನ್ನ ಕೈ ಬಿಡೋಕೆ ಎಷ್ಟು ಹೊತ್ತು ತಗೊಂಡ್ರು."

"ಅವರಿಗೆ ಎಂಬತ್ತು ದಾಟಿದೆ ಕಣೇ."

"ಲಿಪ್‌ಸ್ಟಿಕ್ ಹಾಕ್ಕೊಂಡು ಬಂದಿದ್ರು."

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ, "ಒಂದಿನ ಪೂರ್ತಿ ಕಾಣಿಸದೇ ಹೋದ್ರೆ, ಮುಂಬುವಾ?"

ಅವಳು ಯೋಚಿಸಿದಳು. "ಆಗ ಬೇರೆ ಯಾವಳೂ ನಿನ್ನ ಕಣ್ಣಿಗೆ ಬೀಳಲ್ಲ. ಕೊನೇಲಿ ಕಂಡ ಮುಖ ನಂದೇ ಇರ್ಲಿ, ಅಷ್ಟು ಸಾಕು ನನಗೆ."

"ಎಂಥಾ ಹೊಟ್ಟೆಕಿಚ್ಚಿನವಳೇ ನೀನು..."

"ಹೂಂ. ಕೈ ಕೊಡು, ಇಲ್ಲೊಂದು ಮೆಟ್ಟಿಲಿದೆ."