ಸೀಲ್ ಒಡೆದ ಮೂರು ಮೆಷೀನು

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹಲ್ಲಿನ ಡಾಕ್ಟರ ಮುಖ ಬಿಳಿಚಿಕೊಂಡಿತ್ತು.

"ಕಂಪ್ಯೂಟರ್ ಕಳುವಾಗಿದೆ ಮೇಡಂ. ನಲವತ್ತು ವರ್ಷ ಹಳೇದು."

"ಕಳ್ಳ ಪುಣ್ಯಾತ್ಮ ಬಿಡಿ, ಮನೆ ಕ್ಲೀನ್ ಮಾಡ್ಕೊಟ್ಟ," ಎಂದು ಕಾನ್‌ಸ್ಟೆಬಲ್ ನಕ್ಕ.

ಡಾಕ್ಟರು ಮೊಬೈಲಿನಲ್ಲಿ ಹೋದ ತಿಂಗಳ ಹರಾಜಿನ ಬೆಲೆ ತೋರಿಸಿದರು. ಇನ್‌ಸ್ಪೆಕ್ಟರ್ ಹೌಹಾರಿದಳು. ಅವಳ ಹೊಸ ಕಾರಿಗಿಂತ ಜಾಸ್ತಿ!

"ಐದು ವರ್ಷದ ಹಿಂದೆ ಗುಜರಿಯವನೂ ಮೂಸ್ತಿರಲಿಲ್ಲ. ಈಗ ತಿಂಗಳಿಗೊಂದು ರೇಟು. ಹಿಂದಿನ ಸ್ಕ್ರೂ ಮೇಲಿನ ಫ್ಯಾಕ್ಟರಿ ಸೀಲ್ ಒಡೀದೆ ಇದ್ರೆ ಡಬಲ್."

FIR ಆಯಿತು. ಹನ್ನೊಂದೂವರೆಗೆ ಡಾಕ್ಟರ ಮನೆಯಲ್ಲಿ ಪಂಚನಾಮೆ. ಬಾಗಿಲಿನ ಬೀಗ ಮುರಿದಿರಲಿಲ್ಲ. ಗಾಜಿನ ಕಪಾಟಿನಲ್ಲಿ ಇನ್ನೆರಡು ಮೆಷೀನು ಹಾಗೇ ಇದ್ದವು. ಕೆಳಗೆ ಕಾಗದದ ಮೇಲೆ ಹಸಿರು ಕಿಲುಬು ಹಿಡಿದ ಎರಡು ಪುಟ್ಟ ಬ್ಯಾಟರಿ.

ಡಾಕ್ಟರು ಮೆಷೀನು ತಿರುಗಿಸಿ ನೋಡಿದವರೇ ಕುಸಿದು ಕೂತರು. "ಅಯ್ಯೋ, ಇವುಗಳ ಸೀಲೂ ಒಡೆದಿದಾನೆ!"

"ಕದ್ದೋನು ಬಿಟ್ಟುಹೋದದ್ದನ್ನ ಯಾಕೆ ಬಿಚ್ಚಿದ?" ಇನ್‌ಸ್ಪೆಕ್ಟರ್ ಕೇಳಿದಳು.

"ಬ್ಯಾಟರಿ ಸೋರಿದ್ರೆ ಒಳಗಿನ ಬೋರ್ಡನ್ನೇ ತಿಂದುಬಿಡುತ್ತೆ. ಅದನ್ನ ಕಿತ್ತಿದಾನೆ."

"ಹುಳುಕು ಹಲ್ಲು ಕೀಳೋ ಡಾಕ್ಟ್ರು, ಇದನ್ಯಾಕೆ ಕೀಳ್ಲಿಲ್ಲ?" ಕಾನ್‌ಸ್ಟೆಬಲ್ ಕೇಳಿದ.

"ಸೀಲ್ ಹೋದ್ರೆ ರೇಟ್ ಬೀಳುತ್ತಲ್ರೀ!"

ಇನ್‌ಸ್ಪೆಕ್ಟರ್ ದಂಗಾದಳು. ಕದಿಯಲು ಬಂದವನು ಕೂತು ರಿಪೇರಿ ಮಾಡಿ ಹೋಗಿದ್ದ!

"ಬ್ಯಾಟರಿ ಕೀಳಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

"ನನ್ನ ಭಾಮೈದ. ಬಂದಾಗಲೆಲ್ಲ ಅದೇ ರಗಳೆ..." ಡಾಕ್ಟರು ಥಟ್ಟನೆ ಹೆಂಡತಿಯ ಕಡೆ ತಿರುಗಿದರು.

"ಮನೆ ಕೀ ಅವನ ಹತ್ರ ಇದೆಯಾ?"

ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ನಾನೇ ಕೊಟ್ಟಿದ್ದೆ. ನಮ್ಮ ತಮ್ಮ ಅಲ್ವಾ ಅಂತ..."

ಮಧ್ಯಾಹ್ನ ಎರಡಕ್ಕೆ ಭಾಮೈದನ ರೇಡಿಯೋ ರಿಪೇರಿ ಅಂಗಡಿ. ಮೇಜಿನ ಮೇಲೆ ಅದೇ ಮೆಷೀನು, ಬಿಚ್ಚಿ, ತೊಳೆದು, ಹೊಸ ಬ್ಯಾಟರಿ ಹಾಕಿ, ಪರದೆ ಬೆಳಗಿಸಿಕೊಂಡು ಕೂತಿತ್ತು.

"ಮಾರಲಿಲ್ವಾ?"

"ಮಾರೋದಾ? ಇದು ನಮ್ಮಪ್ಪ ತಂದ ಮೆಷೀನು ಮೇಡಂ. ನಾನು ಅಕ್ಷರ ಒತ್ತಿ ಕಲಿತಿದ್ದೇ ಇದರಲ್ಲಿ. ಬೆಲೆ ಇಲ್ಲದಾಗ ಭಾವಂಗೆ ನಾನೇ ಕೊಟ್ಟೆ. ರೇಟ್ ಏರಿದ್ಮೇಲೆ ಮುಟ್ಟೋಕೂ ಬಿಡ್ಲಿಲ್ಲ. ಒಳಗೆ ಕೊಳೀತಾ ಇತ್ತು. ಕೇಳಿ ಕೇಳಿ ಸಾಕಾಯ್ತು."

"ಉಳಿದೆರಡು?"

"ಅವೂ ಕೊಳೀತಿದ್ವಲ್ಲ. ಕಣ್ಣಾರೆ ಕಂಡು ಹೇಗೆ ಬಿಟ್ಟು ಬರ್ಲಿ?"

ದಸ್ತಗಿರಿ ಆಯಿತು. ಮುದ್ದೆಮಾಲು ವಶಕ್ಕೆ ಪಡೆಯಲು ಕಾನ್‌ಸ್ಟೆಬಲ್ ಪ್ಲಗ್ಗಿಗೆ ಕೈ ಹಾಕಿದ.

"ಏ ಏ, ಹಾಗೆ ಕೀಳ್ಬೇಡಿ ಅಣ್ಣಾ!" ಭಾಮೈದ ಚೀರಿದ. "ನಾನೇ ಆಫ್ ಮಾಡ್ಲಾ ಮೇಡಂ?"

ಇನ್‌ಸ್ಪೆಕ್ಟರ್ ತಲೆಯಾಡಿಸಿದಳು. ಅವನು ಗುಂಡಿ ಒತ್ತಿ, ಪರದೆ ಪೂರ್ತಿ ಕಪ್ಪಾಗುವವರೆಗೆ ಕಾದು, ಆಮೇಲೆ ಬೇಡಿಗೆ ಕೈ ಮುಂದೆ ಚಾಚಿದ.