ಸಂಘದ ಮೊದಲ ಪ್ರಿಸಂ

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಓಡಿಬಂದ ರೋಹಿತ ವಿಜ್ಞಾನ ಸಂಘದ ಅಧ್ಯಕ್ಷರ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ವಸ್ತುಗಳ ಗುಟ್ಟು ಹಿಡಿಯುವವರ ಸಂಘ ಅದು. ಸಂಜೆ ಅದರ ಸುವರ್ಣ ಮಹೋತ್ಸವ. ಪ್ರದರ್ಶನಕ್ಕಿಟ್ಟಿದ್ದ ಸಂಘದ ಮೊದಲ ಉಪಕರಣದಿಂದ ಗಾಜಿನ ಪ್ರಿಸಂ ಮಾಯವಾಗಿತ್ತು.

"ನಮ್ಮಪ್ಪ ಕೈಯಾರೆ ಉಜ್ಜಿದ್ದು ಸಾರ್. ಅದಿಲ್ಲದೆ ಸಂಜೆ ಯಾವ ಮುಖ ಹೊತ್ತು ನಿಲ್ಲಲಿ?"

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಪೇದೆಯೊಂದಿಗೆ ಹೊರಟರು. ಸಂಘದ ಬೀಗ ಮುರಿದಿರಲಿಲ್ಲ. ಗೋಡೆಯ ಮೇಲಿನ ಇತಿಹಾಸದ ಚಿತ್ರಗಳಲ್ಲೆಲ್ಲ ಅಧ್ಯಕ್ಷರ ತಂದೆಯೇ. ತಾಯಿ ಒಂದರಲ್ಲಿ ಮಾತ್ರ, ಚಹಾದ ಟ್ರೇ ಹಿಡಿದು. ಉಪಕರಣದ ಕೊಳವೆಗಳಿಗೆ ಹಿತ್ತಾಳೆಯ ಮುಚ್ಚಳ ಹಾಕಿತ್ತು.

"ಇದನ್ನ ಮುಚ್ಚಿದ್ದು ಯಾರು?"

"ನಾನಲ್ಲ. ನೆನ್ನೆ ಫೋಟೋಗೆ ಅಂತ ತೆಗೆದಿದ್ದೆ, ಹಾಕೋದು ಮರೆತೆ."

"ಕಳ್ಳರಿಗ್ಯಾಕೆ ಈ ಉಸಾಬರಿ?"

"ಪ್ರಿಸಂ ತೆಗೆದ್ರೆ ಒಳಗೆ ಧೂಳು ಹೋಗುತ್ತೆ. ಮುಚ್ಚಲೇಬೇಕು. ನಮ್ಮಲ್ಲಿ ಮೊದಲ ಪಾಠ ಅದೇ."

"ಪಾಠ ಹೇಳೋದು ಯಾರು?"

"ಪ್ರಯೋಗಾಲಯ ನೋಡ್ಕೊಳ್ಳೋ ನಮ್ಮಕ್ಕ."

"ನಿಮ್ಮನ್ನ ಬಿಟ್ರೆ ಕೀಲಿ ಯಾರ ಹತ್ರ ಇದೆ?"

"ಅವಳ ಹತ್ರಾನೇ."

ಹುಟ್ಟುಗುಣ ಸುಟ್ಟರೂ ಹೋಗದು. ಕದಿಯಲು ಹೋದರೂ ಮುಚ್ಚಳ ಹಾಕಿಬರುವ ಜನ!

ಅಧ್ಯಕ್ಷರನ್ನೂ ಕರೆದುಕೊಂಡು ಪಕ್ಕದ ಬೀದಿಗೆ ಹೋದಾಗ ಅಕ್ಕನೇ ಬಾಗಿಲು ತೆರೆದರು. ಮೇಜಿನ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಪ್ರಿಸಂ ಇತ್ತು.

"ಮುಚ್ಚಳ ನೋಡಿದ್ರಾ? ಹಾಕಿ ಬಂದಿದ್ದು ದಾರೀಲಿ ನೆನಪಾಯ್ತು. ವಾಪಸ್ ಹೋಗಿ ತೆಗೆಯೋಕೆ ಮನಸ್ಸು ಬರಲಿಲ್ಲ."

"ಯಾಕೆ ತಗೊಂಡ್ರಿ?"

"ಇದನ್ನ ಉಜ್ಜಿದ್ದು ಅಮ್ಮ. ಅಡುಗೆಮನೆ ಕಟ್ಟೆ ಮೇಲೆ, ಅಂಗೈ ಸುಲಿದು ಹೋಗೋವರೆಗೂ. ನೀರು ಹನಿಸ್ತಿದ್ದೋನು ಇವನೇ. ಈಗ ಇತಿಹಾಸ ಬರೆದು ಅಮ್ಮನ ಕೈಗೆ ಟ್ರೇ ಕೊಟ್ಟಿದಾನೆ. ಹೇಳಿ ಹೇಳಿ ಬಾಯಿ ಸೋತುಹೋಯ್ತು."

ಅಧ್ಯಕ್ಷರು ತಲೆ ಎತ್ತಲಿಲ್ಲ. "ಸಾರ್, ವಸ್ತು ಸಿಕ್ತಲ್ಲ. ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ. ಅದನ್ನ ಕೋರ್ಟಲ್ಲಿ ಹೇಳಿ."

ನೆರೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಇನ್‌ಸ್ಪೆಕ್ಟರ್ ಹೇಳುತ್ತಾ ಹೋದರು, ಪೇದೆ ಬರೆದುಕೊಂಡ. "ಗಾಜಿನ ಪ್ರಿಸಂ ಒಂದು. ತಯಾರಿಸಿದವರು..." ಅವರು ನಿಲ್ಲಿಸಿ ಅಕ್ಕನ ಕಡೆ ನೋಡಿದರು. ಅಕ್ಕ ತಾಯಿಯ ಪೂರ್ತಿ ಹೆಸರು ಹೇಳಿದರು.

ವಸ್ತು ಗುರುತಿಸಿದ್ದಕ್ಕೆ ಅಧ್ಯಕ್ಷರು ಸಹಿ ಹಾಕಬೇಕಿತ್ತು. ಆ ಸಾಲು ಓದಿ ಅವರ ಪೆನ್ನು ನಿಂತಿತು.

"ತಪ್ಪಿದ್ರೆ ಹೇಳಿ, ಹೊಡೆದುಹಾಕ್ತೀವಿ" ಎಂದರು ಇನ್‌ಸ್ಪೆಕ್ಟರ್.

"ಸರಿಯಾಗೇ ಇದೆ" ಎಂದು ಅಧ್ಯಕ್ಷರು ಸಹಿ ಹಾಕಿದರು.

ಹನ್ನೊಂದೂವರೆಗೆ ಬಂಧನವಾಯಿತು. ಅಮ್ಮನ ಹೆಸರಿನ ಕೆಳಗೆ ತಮ್ಮನ ಸಹಿ ಬೀಳುವುದನ್ನು ನೋಡಲು ಅಕ್ಕ ಐವತ್ತು ವರ್ಷ ಕಾದಿದ್ದರು. ಪೇದೆ ಪ್ರಿಸಂ ಅನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಮೊಹರು ಹಾಕಿದ. ಜೀಪು ಹತ್ತುವಾಗ ಅಕ್ಕ ತಮ್ಮನ ಕಡೆ ತಿರುಗಿದರು.

"ಸಂಜೆ ಜನ ಉಪಕರಣ ನೋಡಿದ್ಮೇಲೆ ಮುಚ್ಚಳ ಹಾಕೋದು ಮರೀಬೇಡ."